ಮರುಭೂಮಿ ಬೆಟ್ಟದ ಮಡಿಲಲ್ಲಿ: ದಾರಿ ತಪ್ಪಿದರೆ ಕಳ್ಳಿ ಕಡಿದು ನೀರು ಕುಡಿಯಬಹುದೇ?

‘ಅಮೆರಿಕದ ಈ ಊರಿನಲ್ಲಿ ದಿನಾ ಸಂಜೆ ಬೆಟ್ಟ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾರಣ ಬೆಟ್ಟದೊಳಗಿನ ತಾಮ್ರ! ಮರುಭೂಮಿಯಲ್ಲಿ ದಾರಿ ತಪ್ಪಿದರೆ ಭಯ ಬೇಡ, ಕಳ್ಳಿ ಕಡಿದರೆ ಒಳಗೆ ಶುದ್ಧ ನೀರು. ಅಲ್ಲಿನ ಒಣ ಹವೆ ಶ್ವಾಸಕೋಶಕ್ಕೆ ಅಮೃತ. ಆದರೆ ಬಿಸಿಲಲ್ಲಿ ತಣ್ಣೀರು ಕುಡಿಯಲೇಬೇಡಿ, ನರ ಒಡೆಯುತ್ತದೆ. ನಿಮ್ಮವರಿಗೆಲ್ಲ ಕಳಿಸಿ.’

ಕೆಂಪಾದ ಬೆಟ್ಟ, ಅದರ ಮುಂದೆ ಕೈ ಎತ್ತಿ ನಿಂತ ದೈತ್ಯ ಕಳ್ಳಿಗಳ ವೀಡಿಯೊ ಜೊತೆ ಈ ಸಂದೇಶವನ್ನು ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಅವರ ಮಗಳು ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿದ್ದಾರೆ. ಜೂನ್‌ನಲ್ಲಿ ಗಂಡ-ಹೆಂಡತಿ ಇಬ್ಬರೂ ಅಲ್ಲಿಗೆ ಹೊರಟಿದ್ದಾರೆ. ‘ನೋಡೋದಕ್ಕೆ ತುಂಬಾ ಚೆನ್ನಾಗಿದೆ. ಆದರೆ ಇದರಲ್ಲಿ ನಿಜ ಎಷ್ಟು?’ ಎಂಬುದು ಅವರ ಪ್ರಶ್ನೆ.

ವೀಡಿಯೊ ನಿಜ. ಅಂಥ ಜಾಗ ಇದೆ, ಅದು ಅಷ್ಟೇ ಸುಂದರವಾಗಿದೆ. ಆದರೆ ಜೊತೆಗಿರುವ ಬರಹದ ನಾಲ್ಕೂ ಮಾತುಗಳಲ್ಲಿ ತಪ್ಪಿದೆ. ಅವುಗಳಲ್ಲಿ ಮೂರು ಜೀವಕ್ಕೇ ಕುತ್ತು ತರಬಲ್ಲವು. ಉದ್ಯೋಗ, ಓದಿಗಾಗಿ ಅರಿಜೋನಾದಲ್ಲಿ ನೆಲೆಸಿರುವ ಕನ್ನಡಿಗರು ಸಾಕಷ್ಟಿದ್ದಾರೆ, ಅವರನ್ನು ನೋಡಲು ಊರಿಂದ ಹೋಗುವ ಅಪ್ಪ-ಅಮ್ಮಂದಿರೂ ಇದ್ದಾರೆ. ಹಾಗಾಗಿ ಒಂದೊಂದನ್ನೂ ಬಿಡಿಸಿ ನೋಡೋಣ.

ಮೊದಲು, ಈ ಜಾಗ ಯಾವುದು?

ಟೂಸಾನ್ ಇರುವುದು ಸೊನೋರನ್ ಮರುಭೂಮಿಯಲ್ಲಿ. ಅಮೆರಿಕದ ನೈರುತ್ಯ ಭಾಗ ಮತ್ತು ಮೆಕ್ಸಿಕೊದ ವಾಯವ್ಯ ಭಾಗದಲ್ಲಿ ಹರಡಿರುವ ಮರುಭೂಮಿ ಇದು. ನಗರದ ಉತ್ತರಕ್ಕೆ ಸಾಂಟಾ ಕ್ಯಾಟಲೀನಾ, ಪೂರ್ವಕ್ಕೆ ರಿಂಕಾನ್, ದಕ್ಷಿಣಕ್ಕೆ ಸಾಂಟಾ ರೀಟಾ, ಪಶ್ಚಿಮಕ್ಕೆ ಟೂಸಾನ್ ಬೆಟ್ಟಗಳು. ಮನೆಯ ಹಿತ್ತಿಲಲ್ಲಿ ನಿಂತರೆ ಯಾವುದಾದರೂ ಒಂದು ಬೆಟ್ಟಸಾಲು ಕಾಣಿಸದೇ ಇರುವುದಿಲ್ಲ.

ಮರುಭೂಮಿ ಎಂದರೆ ಮರಳಿನ ದಿಬ್ಬ ಮತ್ತು ಒಂಟೆ ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲಿದೆ. ಆದರೆ ಮರುಭೂಮಿಯನ್ನು ಗುರುತಿಸುವುದು ಮರಳಿನಿಂದಲ್ಲ, ನೀರಿನ ಕೊರತೆಯಿಂದ. ಟೂಸಾನ್‌ಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್, ಅಂದರೆ ಬೆಂಗಳೂರಿಗೆ ಬೀಳುವುದರ ಮೂರನೇ ಒಂದು ಭಾಗದಷ್ಟು. ಆದರೆ ಈ ಮಳೆ ಒಂದೇ ಸಲಕ್ಕೆ ಬರುವುದಿಲ್ಲ. ಚಳಿಗಾಲದಲ್ಲಿ ಮೆಲ್ಲಗೆ ಒಂದಿಷ್ಟು, ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗು-ಸಿಡಿಲಿನೊಂದಿಗೆ ಒಂದಿಷ್ಟು. ಹೀಗೆ ಎರಡು ಮಳೆಗಾಲ ಇರುವುದರಿಂದಲೇ ಸೊನೋರನ್ ಮರುಭೂಮಿ ಇಷ್ಟು ಹಸಿರಾಗಿದೆ. ಅಲ್ಲಿ ಕಾಣುವ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಬಂಡೆ-ಜಾಲಿಯ ಆ ನೋಟ ಪೂರ್ತಿ ಅಪರಿಚಿತ ಅನ್ನಿಸಲಿಕ್ಕಿಲ್ಲ.

ಬೆಟ್ಟ ಗುಲಾಬಿಯಾಗುವುದು ತಾಮ್ರದಿಂದಲೇ?

ಅಲ್ಲ. ಅರಿಜೋನಾದಲ್ಲಿ ತಾಮ್ರದ ಗಣಿಗಳಿರುವುದು ನಿಜ, ಅಮೆರಿಕದಲ್ಲಿ ಅತಿ ಹೆಚ್ಚು ತಾಮ್ರ ತೆಗೆಯುವ ರಾಜ್ಯವೂ ಅದೇ. ಆದರೆ ಸಂಜೆಯ ಬಣ್ಣಕ್ಕೂ ತಾಮ್ರಕ್ಕೂ ಸಂಬಂಧವಿಲ್ಲ. ತಾಮ್ರವೇ ಕಾರಣವಾಗಿದ್ದರೆ ಮಧ್ಯಾಹ್ನವೂ ಬೆಟ್ಟ ಗುಲಾಬಿಯಾಗಿರಬೇಕಿತ್ತಲ್ಲವೇ?

ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ಗಾಳಿಯ ಪದರವನ್ನು ನೇರವಾಗಿ, ಕಡಿಮೆ ದೂರದಲ್ಲಿ ದಾಟಿ ಬರುತ್ತದೆ. ಮುಳುಗುವ ಹೊತ್ತಿಗೆ ಅದೇ ಬೆಳಕು ಓರೆಯಾಗಿ, ಬಹಳ ಹೆಚ್ಚು ಗಾಳಿಯನ್ನು ಹಾದು ಬರಬೇಕು. ದಾರಿಯುದ್ದಕ್ಕೂ ಗಾಳಿಯ ಅಣುಗಳು ನೀಲಿ ಬೆಳಕನ್ನು ಅತ್ತಿತ್ತ ಚದುರಿಸಿಬಿಡುತ್ತವೆ. ಕೊನೆಗೆ ಉಳಿಯುವುದು ಕೆಂಪು, ಕಿತ್ತಳೆ. ಆ ಬೆಳಕು ಕ್ಯಾಟಲೀನಾ ಬೆಟ್ಟದ ಬೋಳು ಬಂಡೆಗಳ ಮೇಲೆ ಬೀಳುತ್ತದೆ. ಕೆಳಗಿನ ಇಳಿಜಾರಿನಲ್ಲಿ ದಟ್ಟ ಕಾಡಿಲ್ಲದ ಕಾರಣ ಬೆಟ್ಟ ದೊಡ್ಡ ಪರದೆಯಂತೆ ಆ ಬಣ್ಣವನ್ನು ಹಾಗೇ ತೋರಿಸುತ್ತದೆ. ಹತ್ತು-ಹದಿನೈದು ನಿಮಿಷ ಅಷ್ಟೇ. ಆಮೇಲೆ ನೇರಳೆ, ಬೂದಿ, ಕತ್ತಲು.

ಧೂಳು ಹೆಚ್ಚಿದ್ದಷ್ಟೂ ಸಂಜೆ ಚೆಂದ ಎಂಬ ಮಾತೂ ಇದೆ. ಸಾಮಾನ್ಯವಾಗಿ ಅದು ಉಲ್ಟಾ. ನೆಲದ ಹತ್ತಿರದ ದಪ್ಪ ಧೂಳು, ಹೊಗೆ ಬಣ್ಣವನ್ನು ಮಂಕಾಗಿಸುತ್ತವೆ. ತಿಳಿಯಾದ ಗಾಳಿಯಲ್ಲಿ ಬಣ್ಣ ಸ್ಪಷ್ಟ.

ಇಲ್ಲೇ ಒಂದು ಎಚ್ಚರಿಕೆಯೂ ಇದೆ. ಗಾಳಿಯಲ್ಲಿ ತೇವ, ಮಬ್ಬು ಕಡಿಮೆ ಇರುವುದರಿಂದ ದೂರದ ಬೆಟ್ಟವೂ ಕೈಗೆಟಕುವಷ್ಟು ಹತ್ತಿರ ಕಾಣುತ್ತದೆ. ‘ಇಲ್ಲೇ ಅಲ್ವಾ, ಒಂದು ಗಂಟೆಯಲ್ಲಿ ಹತ್ತಿ ಇಳಿಯೋಣ’ ಎಂದು ಹೊರಟವರು ಅರ್ಧ ದಿನವಾದರೂ ತುದಿ ಮುಟ್ಟಿರುವುದಿಲ್ಲ. ಆದ್ದರಿಂದ ದೂರವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಬೇಡಿ, ನಕ್ಷೆ ನೋಡಿ.

ಕೆಳಗೆ ಕಳ್ಳಿ, ಮೇಲೆ ಹಿಮ: ಇದು ನಿಜವೇ?

ನಿಜ. ಟೂಸಾನ್ ಇರುವುದು ಸುಮಾರು 730 ಮೀಟರ್ ಎತ್ತರದಲ್ಲಿ, ಅಂದರೆ ಬೆಂಗಳೂರಿಗಿಂತ ತಗ್ಗಿನಲ್ಲಿ. ಕ್ಯಾಟಲೀನಾ ಸಾಲಿನ ತುದಿ ಮೌಂಟ್ ಲೆಮ್ಮನ್‌ನ ಎತ್ತರ ಸುಮಾರು 2,790 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 850 ಮೀಟರ್‌ಗೂ ಹೆಚ್ಚು ಎತ್ತರ! 1881ರಲ್ಲಿ ಗಂಡನ ಜೊತೆ ಈ ಬೆಟ್ಟ ಹತ್ತಿ ಸಸ್ಯಗಳನ್ನು ಸಂಗ್ರಹಿಸಿದ ಸಸ್ಯವಿಜ್ಞಾನಿ ಸಾರಾ ಪ್ಲಮ್ಮರ್ ಲೆಮ್ಮನ್ ಅವರ ಹೆಸರೇ ಬೆಟ್ಟಕ್ಕಿದೆ.

ನಗರದ ಅಂಚಿನಿಂದ ಮೇಲಿನ ಸಮ್ಮರ್‌ಹೇವನ್ ಎಂಬ ಹಳ್ಳಿಗೆ ಸುಮಾರು 43 ಕಿಲೋಮೀಟರ್ ರಸ್ತೆ. ಕಾರಿನಲ್ಲಿ ಒಂದು ಗಂಟೆಯ ದಾರಿ. ಕೆಳಗೆ ದೈತ್ಯ ಕಳ್ಳಿಗಳು, ಸ್ವಲ್ಪ ಮೇಲೆ ಹುಲ್ಲು ಮತ್ತು ಓಕ್ ಮರಗಳು, ಇನ್ನೂ ಮೇಲೆ ಪೈನ್, ತುದಿಯಲ್ಲಿ ಫರ್ ಮರಗಳ ತಂಪು ಕಾಡು. ಚಳಿಗಾಲದಲ್ಲಿ ಅಲ್ಲಿ ಹಿಮದ ಮೇಲೆ ಜಾರುವ ಆಟವೂ ಉಂಟು. ಮರುಭೂಮಿಯ ಸಮುದ್ರದ ನಡುವೆ ಕಾಡಿನ ದ್ವೀಪಗಳಂತೆ ಕಾಣುವ ಇಂಥ ಬೆಟ್ಟಗಳನ್ನು ಅಲ್ಲಿ ‘ಆಕಾಶ ದ್ವೀಪ’ಗಳು ಎಂದೇ ಕರೆಯುತ್ತಾರೆ.

ಮೇಲೆ ಹೋದರೆ ಸೂರ್ಯನಿಗೆ ಹತ್ತಿರ, ಸೆಕೆ ಹೆಚ್ಚಬೇಕಲ್ಲವೇ? ಇಲ್ಲ. ಸೂರ್ಯನ ದೂರದ ಮುಂದೆ ಎರಡು ಕಿಲೋಮೀಟರ್ ಲೆಕ್ಕಕ್ಕೇ ಇಲ್ಲ. ಗಾಳಿ ಬಿಸಿಯಾಗುವುದು ಮುಖ್ಯವಾಗಿ ಕಾದ ನೆಲದಿಂದ. ಮೇಲೇರಿದಂತೆ ಒತ್ತಡ ತಗ್ಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಹಾಗಾಗಿ ತುದಿಯಲ್ಲಿ ನಗರಕ್ಕಿಂತ ಸಾಮಾನ್ಯವಾಗಿ 11ರಿಂದ 16 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ. ತೇವದ ಗಾಳಿ ಹೀಗೆ ಬೆಟ್ಟವೇರಿ ತಣಿದಾಗಲೇ ಮಳೆ. ಪಶ್ಚಿಮ ಘಟ್ಟದಲ್ಲಿ ಆಗುಂಬೆಗೆ ಮಳೆ ಸುರಿಯುವುದೂ ಇದೇ ಕಾರಣಕ್ಕೆ. ಜೂನ್‌ನಲ್ಲಿ ಟೂಸಾನ್‌ಗೆ ಹೋಗುವವರು ಬೆಟ್ಟದ ಮೇಲಿನ ಪ್ರವಾಸಕ್ಕೆ ಒಂದು ಸ್ವೆಟರ್ ಇಟ್ಟುಕೊಳ್ಳುವುದು ಒಳ್ಳೆಯದು.

ಕಳ್ಳಿಯೊಳಗೆ ಕುಡಿಯುವ ನೀರಿದೆಯೇ?

ವೀಡಿಯೊದಲ್ಲಿ ಕೈ ಎತ್ತಿ ನಿಂತ ಕಳ್ಳಿಯ ಹೆಸರು ಸವಾರೊ. ಇಡೀ ಜಗತ್ತಿನಲ್ಲಿ ಇದು ತಾನಾಗಿ ಬೆಳೆಯುವುದು ಸೊನೋರನ್ ಮರುಭೂಮಿಯಲ್ಲಿ ಮಾತ್ರ. ಬೆಳವಣಿಗೆ ಎಷ್ಟು ನಿಧಾನವೆಂದರೆ, ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಮೂರ್ನಾಲ್ಕು ಸೆಂಟಿಮೀಟರ್. ಎಳೆಯ ಗಿಡ ಬಿಸಿಲು, ಚಳಿಯಿಂದ ಉಳಿಯುವುದೇ ಪಾಲೊ ವರ್ಡೆ ಅಥವಾ ಮೆಸ್ಕೀಟ್ ಮರದ ನೆರಳಿನಲ್ಲಿ. ಹೂ ಬಿಡಲು ಸುಮಾರು 35 ವರ್ಷ, ಮೊದಲ ‘ಕೈ’ ಮೂಡಲು 50ರಿಂದ 75 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಆಯಸ್ಸು 150ರಿಂದ 200 ವರ್ಷ. ಅಂದರೆ ನಾಲ್ಕಾರು ಕೈಯಿರುವ ಸವಾರೊ ಕಂಡರೆ ಅದು ನಿಮ್ಮ ಮುತ್ತಜ್ಜನ ಕಾಲದ್ದು.

ಅದರ ಕಾಂಡ ಮಡಿಕೆ ಮಡಿಕೆಯಾಗಿದೆ. ಮಳೆ ಬಂದಾಗ ಮೇಲ್ಮೈಯಲ್ಲೇ ಹರಡಿರುವ ಬೇರು ನೀರು ಹೀರುತ್ತದೆ, ಮಡಿಕೆಗಳು ಬಿಚ್ಚಿ ಕಾಂಡ ಉಬ್ಬುತ್ತದೆ. ಬರಗಾಲದಲ್ಲಿ ಮತ್ತೆ ಸೊರಗುತ್ತದೆ. ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಬಾವಲಿ, ಪಾರಿವಾಳ, ಜೇನುಹುಳುಗಳು ಪರಾಗಸ್ಪರ್ಶದ ಕೆಲಸ ಮುಗಿಸಬೇಕು. ಜೂನ್ ಹೊತ್ತಿಗೆ ಕೆಂಪು ತಿರುಳಿನ ಹಣ್ಣು. ಆ ನೆಲದ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನ ಸತ್ತ ಸವಾರೊದ ಒಳಗಿನ ಕಟ್ಟಿಗೆಯಿಂದಲೇ ಉದ್ದನೆಯ ದೋಟಿ ಮಾಡಿ ಈ ಹಣ್ಣು ಕೀಳುತ್ತಾರೆ. ಅದರ ರಸ ಕಾಯಿಸಿ ಪಾಕ ಮಾಡುತ್ತಾರೆ, ಮಳೆಯನ್ನು ಕರೆಯುವ ಆಚರಣೆಗೆ ಅದರಿಂದಲೇ ಮದ್ಯ ತಯಾರಿಸುತ್ತಾರೆ. ಸವಾರೊ ಅವರಿಗೆ ಗಿಡವಲ್ಲ, ಮನುಷ್ಯರಂತೆಯೇ ಒಂದು ಜೀವ.

ಈಗ ನೀರಿನ ಪ್ರಶ್ನೆ. ಕಳ್ಳಿಯೊಳಗೆ ಕೊಡದಲ್ಲಿಟ್ಟಂತೆ ನೀರಿರುವುದಿಲ್ಲ. ಇರುವುದು ಲೋಳೆಸರದಂತಹ ಹಸಿ ತಿರುಳು. ಸವಾರೊ ತಿರುಳಿನಲ್ಲಿ ಕಹಿಯಾದ ಆಲ್ಕಲಾಯ್ಡ್‌ಗಳಿವೆ. ಸಿನಿಮಾಗಳಲ್ಲಿ ಕಡಿದು ಕುಡಿಯುವಂತೆ ತೋರಿಸುವ ಬ್ಯಾರೆಲ್ ಕ್ಯಾಕ್ಟಸ್ ಜಾತಿಗಳಲ್ಲಿ ಆಕ್ಸಾಲಿಕ್ ಆಮ್ಲದಂತಹ ವಸ್ತುಗಳಿವೆ. ಒಂದೆರಡು ಜಾತಿಯ ತಿರುಳಿನ ತೊಂದರೆ ಕಡಿಮೆ ಇರಬಹುದು, ಆದರೆ ಯಾವುದು ಯಾವುದೆಂದು ಗುರುತಿಸುವುದು ಹೊಸಬರಿಗೆ ಆಗದ ಮಾತು. ತಪ್ಪಿದರೆ ಹೊಟ್ಟೆನೋವು, ವಾಂತಿ, ಭೇದಿ. ಈಗಾಗಲೇ ನೀರಿಲ್ಲದೆ ಬಳಲಿದ ದೇಹದಿಂದ ಉಳಿದ ನೀರೂ ಹೋಗುತ್ತದೆ. ಜೊತೆಗೆ, ಸವಾರೊಗೆ ಹಾನಿ ಮಾಡುವುದು ಅರಿಜೋನಾದಲ್ಲಿ ಕಾನೂನುಬಾಹಿರ.

ಈ ಸಂದೇಶ ಕನ್ನಡಕ್ಕೆ ಬಂದಾಗ ಅಪಾಯ ಇನ್ನೂ ಹೆಚ್ಚಿದೆ, ಇದನ್ನು ದಯವಿಟ್ಟು ಗಮನಿಸಿ. ಇಂಗ್ಲಿಷ್‌ನ ‘ಕ್ಯಾಕ್ಟಸ್’ ಕನ್ನಡದಲ್ಲಿ ‘ಕಳ್ಳಿ’ ಆಗಿದೆ. ಆದರೆ ನಮ್ಮ ಹೊಲದ ಬೇಲಿಯಲ್ಲಿ ಕಾಣುವ, ಮುರಿದರೆ ಬಿಳಿ ಹಾಲು ಸುರಿಸುವ ಕಳ್ಳಿಗಳು ಕ್ಯಾಕ್ಟಸ್ ಅಲ್ಲವೇ ಅಲ್ಲ. ಅವು ಯೂಫೋರ್ಬಿಯಾ ಎಂಬ ಬೇರೆಯೇ ಕುಲದವು. ಆ ಹಾಲು ಬಾಯಿ, ಹೊಟ್ಟೆಯನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ‘ಕಳ್ಳಿ ಕಡಿದು ಕುಡಿಯಿರಿ’ ಎಂಬ ಸಾಲನ್ನು ನಮ್ಮೂರಿನ ಮಗುವೊಂದು ನಂಬಿದರೆ ಏನಾಗಬಹುದು ಯೋಚಿಸಿ.

ಮಳೆಯೇ ಕಡಿಮೆ, ಹಾಗಾದರೆ ಪ್ರವಾಹದ ಭಯ ಇಲ್ಲವೇ?

ಸಂದೇಶದಲ್ಲಿ ಈ ಮಾತಿಲ್ಲ. ಆದರೆ ಅಲ್ಲಿಗೆ ಹೋಗುವವರು ಮನಸ್ಸಿನಲ್ಲಿ ಹೀಗೆ ಅಂದುಕೊಂಡಿರುತ್ತಾರೆ, ಆದ್ದರಿಂದ ಹೇಳಲೇಬೇಕು.

ಅರಿಜೋನಾದಲ್ಲೂ ಮಳೆಗಾಲಕ್ಕೆ ‘ಮಾನ್ಸೂನ್’ ಎಂದೇ ಹೆಸರು. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಹವಾಮಾನ ಇಲಾಖೆ ಲೆಕ್ಕ ಹಿಡಿಯುತ್ತದೆ. ಮೊದಲ ಮಳೆಯ ದಿನ ಅಲ್ಲಿದ್ದರೆ ಮೂಗು ಬಿಟ್ಟು ನಿಲ್ಲಿ. ಕ್ರಿಯೊಸೋಟ್ ಎಂಬ ಪೊದೆಯ ಎಲೆಗಳ ಮೇಲೆ ಅಂಟಾದ ರಾಳವಿದೆ. ನೆನೆದಾಗ ಅದರ ಕಮ್ಮನೆ ಗಂಧ ಇಡೀ ಊರಿಗೆ ಹರಡುತ್ತದೆ. ನಮಗೆ ಮಳೆ ಎಂದರೆ ಮಣ್ಣಿನ ವಾಸನೆ, ಅಲ್ಲಿನವರಿಗೆ ಕ್ರಿಯೊಸೋಟ್ ವಾಸನೆ. ತಿಂಗಳುಗಟ್ಟಲೆ ನೆಲದೊಳಗೆ ಹೂತುಕೊಂಡಿದ್ದ ಸ್ಪೇಡ್‌ಫುಟ್ ಕಪ್ಪೆಗಳು ಮಳೆ-ಗುಡುಗಿನ ಸದ್ದಿಗೆ ಮೇಲೆದ್ದು ಬಂದು ವಟಗುಟ್ಟತೊಡಗುತ್ತವೆ.

ಆದರೆ ಕಾದು ಗಟ್ಟಿಯಾದ ನೆಲ, ಬರೀ ಬಂಡೆಯ ಇಳಿಜಾರು ಅಷ್ಟು ನೀರನ್ನು ಇಂಗಿಸಿಕೊಳ್ಳಲಾರವು. ಅರ್ಧ ಗಂಟೆಯ ಮಳೆ ಸಾಕು, ವರ್ಷವಿಡೀ ಒಣಗಿದ್ದ ಹಳ್ಳ ತುಂಬಿ ಹರಿಯುತ್ತದೆ. ಮುಖ್ಯವಾದ ಮಾತೆಂದರೆ, ನೀವು ನಿಂತ ಕಡೆ ಮಳೆ ಬರಬೇಕೆಂದೇ ಇಲ್ಲ. ಮೇಲೆ ಬೆಟ್ಟದಲ್ಲಿ ಸುರಿದರೆ ಸಾಕು. 1981ರ ಜುಲೈನಲ್ಲಿ ಟೂಸಾನ್ ಬಳಿಯ ಟಾಂಕೆ ವರ್ಡೆ ಜಲಪಾತದಲ್ಲಿ ಹೀಗೆಯೇ ನುಗ್ಗಿದ ನೀರಿಗೆ ಎಂಟು ಜನ ಪ್ರಾಣ ಕಳೆದುಕೊಂಡರು. 2020ರ ಜೂನ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬಿಗ್‌ಹಾರ್ನ್ ಬೆಂಕಿ ಕ್ಯಾಟಲೀನಾ ಬೆಟ್ಟಗಳಲ್ಲಿ ಸುಮಾರು 1.2 ಲಕ್ಷ ಎಕರೆಗೆ ಹಬ್ಬಿತ್ತು. ಇಂಥ ಸುಟ್ಟ ಇಳಿಜಾರಿನಲ್ಲಿ ನೀರು ಇನ್ನೂ ರಭಸವಾಗಿ ಇಳಿಯುತ್ತದೆ.

ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು. ತಡೆಗಂಬ ಹಾಕಿದ ರಸ್ತೆಗೆ ನುಗ್ಗಿ ಸಿಕ್ಕಿಬಿದ್ದರೆ ರಕ್ಷಣೆಯ ಖರ್ಚನ್ನು ಚಾಲಕರಿಂದಲೇ ವಸೂಲಿ ಮಾಡುವ ಕಾನೂನು ಅರಿಜೋನಾದಲ್ಲಿ 1995ರಿಂದ ಇದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟದ ಮೇಲೆ ಕಪ್ಪು ಮೋಡ ಕಂಡರೆ ಹಳ್ಳ, ಕಣಿವೆಗಳಿಂದ ಮೇಲೆ ಬನ್ನಿ.

ಬಿಸಿಲಲ್ಲಿ ತಣ್ಣೀರು ಕುಡಿದರೆ ನರ ಒಡೆಯುತ್ತದೆಯೇ?

ಇಲ್ಲ. ಇದು ಪ್ರತಿ ಬೇಸಿಗೆಯಲ್ಲಿ ನಮ್ಮಲ್ಲೂ ಹರಿದಾಡುವ ಸುಳ್ಳು. ಕುಡಿದ ತಣ್ಣೀರು ಬಾಯಿ, ಗಂಟಲು, ಹೊಟ್ಟೆ ಮುಟ್ಟುವಷ್ಟರಲ್ಲೇ ಬಿಸಿಯಾಗತೊಡಗುತ್ತದೆ, ಅದರಿಂದ ರಕ್ತನಾಳ ಒಡೆಯುವುದಿಲ್ಲ. ಕಾದ ದೇಹವನ್ನು ತಣಿಸಲು ತಣ್ಣೀರು ಸಹಾಯವೇ ಮಾಡುತ್ತದೆ. ಈ ಸುಳ್ಳನ್ನು ನಂಬಿ ನೀರು ಕುಡಿಯಲು ಹಿಂಜರಿದರೆ ಅಪಾಯ ಅಲ್ಲಿದೆ.

ಆ ಅಪಾಯ ಎಷ್ಟು ದೊಡ್ಡದು? ಟೂಸಾನ್‌ನ ವಾಯವ್ಯಕ್ಕಿರುವ ಫೀನಿಕ್ಸ್ ನಗರವೂ ಇದೇ ಮರುಭೂಮಿಯಲ್ಲಿದೆ. 2023ರಲ್ಲಿ ಅಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಫೀನಿಕ್ಸ್ ಇರುವ ಮ್ಯಾರಿಕೋಪ ಕೌಂಟಿಯಲ್ಲಿ ಆ ವರ್ಷ ತಾಪಕ್ಕೆ ಸಂಬಂಧಿಸಿದ ಸಾವುಗಳು 645. ಅತಿ ತಾಪದ ಎಚ್ಚರಿಕೆ ಇರುವ ದಿನಗಳಲ್ಲಿ ಅಲ್ಲಿನ ಕ್ಯಾಮಲ್‌ಬ್ಯಾಕ್ ಬೆಟ್ಟದ ದಾರಿಯನ್ನು ಹಗಲಿನ ಬಹುಹೊತ್ತು ಮುಚ್ಚಿಬಿಡುತ್ತಾರೆ.

‘ಅಲ್ಲಿ ಬೆವರೇ ಬರಲ್ಲ, ಮಂಗಳೂರಿಗಿಂತ ಎಷ್ಟೋ ವಾಸಿ’ ಎಂದು ಹೋಗಿಬಂದವರು ಹೇಳುವುದುಂಟು. ಬೆವರು ಬರುತ್ತದೆ, ಕಾಣುವುದಿಲ್ಲ ಅಷ್ಟೇ. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆರದೆ ಅಂಗಿ ಒದ್ದೆಯಾಗುತ್ತದೆ, ನಮಗೆ ಗೊತ್ತಾಗುತ್ತದೆ. ಮರುಭೂಮಿಯ ಗಾಳಿ ಬೆವರನ್ನು ಬಂದ ಕೂಡಲೇ ಹೀರಿಬಿಡುತ್ತದೆ. ಬಿಸಿಲಲ್ಲಿ ಬೆಟ್ಟ ಹತ್ತುವವರು ಗಂಟೆಗೆ ಒಂದು ಲೀಟರ್‌ಗೂ ಹೆಚ್ಚು ನೀರು ಕಳೆದುಕೊಳ್ಳಬಹುದು. ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಉಪ್ಪಿನಂಶ ತಗ್ಗುತ್ತದೆ, ಆದ್ದರಿಂದ ಉಪ್ಪಿನ ತಿಂಡಿ, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆಯೂ ಜೊತೆಗಿರಲಿ. ತಂದ ನೀರಿನಲ್ಲಿ ಅರ್ಧ ಮುಗಿಯಿತೆಂದರೆ, ತುದಿ ಎಷ್ಟೇ ಹತ್ತಿರವಿರಲಿ, ಹಿಂದಿರುಗಿ.

ತಲೆ ಸುತ್ತು, ಮಾತು ತೊದಲುವುದು, ಗೊಂದಲ ಕಂಡರೆ ಅದು ತಾಪಾಘಾತ ಇರಬಹುದು. ನೆರಳಿಗೆ ತನ್ನಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ, ತಡಮಾಡದೆ 911ಕ್ಕೆ ಕರೆ ಮಾಡಿ.

ಒಣ ಹವೆ ಶ್ವಾಸಕೋಶಕ್ಕೆ ಅಮೃತವೇ?

ಇದು ಹಳೆಯ ನಂಬಿಕೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಕ್ಷಯಕ್ಕೆ ಔಷಧಿ ಇಲ್ಲದ ಕಾಲದಲ್ಲಿ, ರೋಗಿಗಳು ಒಣ ಹವೆ ಹುಡುಕಿಕೊಂಡು ಟೂಸಾನ್‌ಗೆ ಬರುತ್ತಿದ್ದರು. ಕೊನೆಗೆ ಕ್ಷಯವನ್ನು ಗುಣಪಡಿಸಿದ್ದು ಹವೆಯಲ್ಲ, ಆ್ಯಂಟಿಬಯಾಟಿಕ್ ಔಷಧಿಗಳು.

ಬದಲಾಗಿ, ಅಲ್ಲಿನ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಧೂಳಿನ ಜೊತೆ ಉಸಿರಿಗೆ ಹೋದರೆ ‘ವ್ಯಾಲಿ ಫೀವರ್’ ಬರಬಹುದು. ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕೆಲವರಿಗೆ ಒಂದರಿಂದ ಮೂರು ವಾರದಲ್ಲಿ ಜ್ವರ, ಕೆಮ್ಮು, ಎದೆನೋವು, ಬಿಡದ ಸುಸ್ತು. ಬಹಳಷ್ಟು ಜನರಲ್ಲಿ ತಾನಾಗಿ ವಾಸಿಯಾಗುತ್ತದೆ. ಆದರೆ ವಯಸ್ಸಾದವರು, ಮಧುಮೇಹಿಗಳು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ತೀವ್ರವಾಗಬಹುದು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಊರಿಗೆ ಮರಳಿದ ಮೇಲೆ ಕೆಮ್ಮು ಬಿಡದಿದ್ದರೆ ವೈದ್ಯರಿಗೆ ‘ನಾನು ಅರಿಜೋನಾಕ್ಕೆ ಹೋಗಿದ್ದೆ’ ಎಂದು ನೀವಾಗಿಯೇ ಹೇಳಿ. ಭಾರತದಲ್ಲಿ ಈ ಕಾಯಿಲೆ ಅಪರೂಪ. ಎಕ್ಸ್‌-ರೇಯಲ್ಲಿ ಕ್ಷಯದಂತೆ ಕಾಣಬಹುದು. ಇದು ಶಿಲೀಂಧ್ರದ ಸೋಂಕಾದ್ದರಿಂದ ಮಾಮೂಲಿ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ನಿಮ್ಮ ಆ ಒಂದು ಮಾತು ತಪ್ಪು ಚಿಕಿತ್ಸೆ ತಪ್ಪಿಸಬಲ್ಲದು. ಧೂಳುಗಾಳಿ ಎದ್ದ ದಿನ ಕಿಟಕಿ ಮುಚ್ಚಿ ಒಳಗಿರಿ.

ಹಾಗಾದರೆ ಹೋಗುವುದೇ ಬೇಡವೇ?

ಖಂಡಿತ ಹೋಗಿ. ಬೆಳಗ್ಗೆ ಬೇಗ ಎದ್ದು ಸೂರ್ಯ ಏರುವ ಮೊದಲು ಸವಾರೊಗಳ ನಡುವೆ ನಡೆದು ಬನ್ನಿ. ಮಧ್ಯಾಹ್ನ ಮನೆಯಲ್ಲಿರಿ, ಇಲ್ಲವೇ ಲೆಮ್ಮನ್ ಬೆಟ್ಟದ ಪೈನ್ ಕಾಡಿಗೆ ಹೋಗಿ. ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬೆಟ್ಟ ಬಣ್ಣ ಬದಲಿಸುವುದನ್ನು ನೋಡಿ. ರಾತ್ರಿ ಒಮ್ಮೆ ತಲೆ ಎತ್ತಿ. ಹತ್ತಿರದ ಕಿಟ್ ಪೀಕ್ ವೀಕ್ಷಣಾಲಯಕ್ಕೆ ತೊಂದರೆಯಾಗದಿರಲೆಂದು ಟೂಸಾನ್ 1972ರಲ್ಲೇ ಹೊರಾಂಗಣ ದೀಪಗಳಿಗೆ ನಿಯಮ ಮಾಡಿದೆ. ಊರಿನಿಂದ ಸ್ವಲ್ಪ ಹೊರಗೆ ಹೋದರೆ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ.

ಗಮನಿಸಿ: ಬೆಟ್ಟವನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಒಣ ಗಾಳಿಯೇ ನಿಮ್ಮ ಬೆವರನ್ನು ಕದಿಯುತ್ತದೆ. ಮರುಭೂಮಿಯನ್ನು ಹಸಿರಾಗಿಸುವ ಮಳೆಯೇ ಒಣಹಳ್ಳವನ್ನು ಹೊಳೆಯಾಗಿಸುತ್ತದೆ. ಅಲ್ಲಿ ಚೆಲುವಿಗೂ ಅಪಾಯಕ್ಕೂ ಕಾರಣ ಒಂದೇ. ಅದು ಗೊತ್ತಿದ್ದವರು ನೆಮ್ಮದಿಯಿಂದ ನೋಡಿ ಬರುತ್ತಾರೆ.

ಒಂದು ನೋಟದಲ್ಲಿ

• ಬೆಟ್ಟ ಗುಲಾಬಿಯಾಗುವುದು ತಾಮ್ರದಿಂದ: ತಪ್ಪು. ಮುಳುಗುವ ಸೂರ್ಯನ ಬೆಳಕಿನಿಂದ.
• ಕಳ್ಳಿ ಕಡಿದರೆ ಶುದ್ಧ ನೀರು: ತಪ್ಪು ಮತ್ತು ಅಪಾಯಕಾರಿ. ನಮ್ಮ ಹಾಲುಗಳ್ಳಿಯಂತೂ ವಿಷ.
• ಒಣ ಹವೆ ಶ್ವಾಸಕೋಶಕ್ಕೆ ಅಮೃತ: ತಪ್ಪು. ವ್ಯಾಲಿ ಫೀವರ್ ಬಗ್ಗೆ ತಿಳಿದಿರಲಿ.
• ಬಿಸಿಲಲ್ಲಿ ತಣ್ಣೀರು ಕುಡಿದರೆ ನರ ಒಡೆಯುತ್ತದೆ: ತಪ್ಪು. ಕುಡಿಯದಿದ್ದರೇ ತೊಂದರೆ.

ಆ ವೀಡಿಯೊ ನಿಮಗೂ ಬಂದರೆ ನೋಡಿ ಖುಷಿಪಡಿ. ಮುಂದಕ್ಕೆ ಕಳಿಸುವುದಾದರೆ ಕೆಳಗಿನ ಬರಹ ಅಳಿಸಿ, ವೀಡಿಯೊ ಮಾತ್ರ ಕಳಿಸಿ. ಈಗಾಗಲೇ ಬರಹದೊಂದಿಗೆ ಕಳಿಸಿಬಿಟ್ಟಿದ್ದರೆ ಅದೇ ಗುಂಪಿಗೆ ಈ ಲೇಖನವನ್ನೂ ಕಳಿಸಿ.